ಎಲೆಯ ಹಿಂಬದಿಯ ಭಂಡಾರ

ಮೂರನೆಯ ದಿನವೂ ಪಂಢರಿನಾಥ, ಅಲ್ಲಿ ಇಲ್ಲವೆಂದು ತನಗೆ ಚೆನ್ನಾಗಿ ಗೊತ್ತಿದ್ದುದನ್ನೇ ಹುಡುಕುತ್ತಿದ್ದ. ಸಾಲೋಟಗಿಯ ಹೊರಗೆ ತೊಗರಿ ಹೊಲದ ಬದುವಿನ ಮೇಲೆ ಎದೆಮಟ್ಟ ಬೆಳೆದ ಶ್ರೀಮುದ್ರೆ ಗಿಡದ ಮುಂದೆ ಬಗ್ಗಿ, ಮೆತ್ತನೆಯ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತ, ಪ್ರತಿ ಎಲೆಗೂ ಮೊದಲು ಚೂರು ಆಸೆ, ಆಮೇಲೆ ಚೂರು ನಿರಾಸೆ, ಎರಡನ್ನೂ ಮುಖದ ಮೇಲೆ ತಂದುಕೊಳ್ಳುತ್ತಿದ್ದ. ಹತ್ತು ಮಾರು ಆಚೆ ಸೌಂದರ್ಯಾ ಮಂಡಿಯೂರಿ ಕೂತು ಭೂತಗನ್ನಡಿ ಹಿಡಿದು ಅದೇ ಕೆಲಸ ಮಾಡುತ್ತಿದ್ದಳು. ಅವಳ ಮುಖದ ಮೇಲೆ ಏನೂ ಇರಲಿಲ್ಲ. ಬರೀ ನೋಡುವುದಷ್ಟೇ ಇತ್ತು. ನಿಜವಾಗಿ ಹುಡುಕುವವರ ಮುಖ ಹಾಗಿರುತ್ತದೆ ಎಂಬುದು ಅವನಿಗೆ ನಿನ್ನೆ ಹೊಳೆದಿತ್ತು. ಆವಾಗಿನಿಂದ ತನ್ನ ಮುಖವನ್ನು ಏನು ಮಾಡಿಕೊಳ್ಳಬೇಕೆಂದು ಅವನಿಗೆ ತಿಳಿಯದಾಗಿತ್ತು.

"ಏನರ ಕಾಣಸ್ತೇನ್ರಿ ಸರ್?"

"ಇಲ್ಲವಾ. ಇದೂ ಸ್ವಚ್ಛ ಅದ."

ಅವಳು ಹುಡುಕುತ್ತಿದ್ದುದು ಒಂದು ತುಕ್ಕು. ಕಬ್ಬಿಣಕ್ಕೆ ಹಿಡಿಯುವುದಲ್ಲ, ಎಲೆಗೆ ಹಿಡಿಯುವುದು. ಒಂದು ಶಿಲೀಂಧ್ರ ಜೀವಂತ ಎಲೆಯ ಒಳಹೊಕ್ಕು, ಅದನ್ನು ಕೊಲ್ಲದೆ, ಅದರ ಅನ್ನವನ್ನೇ ಉಂಡು ಬೆಳೆದು, ಕಡೆಗೆ ಎಲೆಯ ಹಿಂಬದಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳಾಗಿ ಒಡೆದು ಪುಡಿ ಉದುರಿಸುತ್ತದೆ. ಗೋದಿಗೆ ಬಿದ್ದರೆ ಈ ಕಡೆಯವರು ಭಂಡಾರ ರೋಗ ಅನ್ನುತ್ತಾರೆ. ಹೊಲ ಹೊಕ್ಕು ಬಂದವರ ಧೋತರಕ್ಕೆ, ದೇವರ ಭಂಡಾರ ಎರಚಿದ ಹಾಗೆ, ಅರಿಶಿನ ಬಣ್ಣ ಹತ್ತಿರುತ್ತದೆ. ಆದರೆ ಯಾರೂ ಬಿತ್ತದ, ಯಾರಿಗೂ ಬೇಡದ ಶ್ರೀಮುದ್ರೆಗೆ ಬಿದ್ದ ತುಕ್ಕನ್ನು ಯಾರು ನೋಡುತ್ತಾರೆ? ಇಪ್ಪತ್ತಾರು ವರ್ಷದ ಹಿಂದೆ ಇಂಡಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಸುಜಯೀಂದ್ರ ಗಲಗಲಿಯವರು ನೋಡಿದ್ದರು. ತಮ್ಮ ಲ್ಯಾಬಿನ ಹಂಗಾಮಿ ಅಟೆಂಡರ್ ಪಂಢರಿನಾಥ ಹಳೆಯ ಪೇಪರಿನ ನಡುವೆ ಒತ್ತಿಟ್ಟು ತಂದ ಟೊಂಗೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅರ್ಧ ತಾಸು ಕಣ್ಣು ಕದಲಿಸಿರಲಿಲ್ಲ. ಆಮೇಲೆ, ಇಂಥದ್ದನ್ನು ಇಲ್ಲಿತನಕ ಯಾರೂ ಬರೆದಿಟ್ಟಿಲ್ಲ ಎಂದರು. ಎಲ್ಲಿ ಸಿಕ್ಕಿತೋ ಪಂಢರಿ ಎಂದರು. ಚೀಟಿಯ ಮೇಲೆ ಆಗಲೇ ಬರೆದಿತ್ತು: ಸಾಲೋಟಗಿ. ವರ್ಷದೊಳಗೆ ಆ ತುಕ್ಕಿಗೆ ಲ್ಯಾಟಿನ್ ಹೆಸರು ಬಂತು, ಹೆಸರಿನ ಬಾಲಕ್ಕೆ ಸಾಲೋಟಗಿ ಅಂಟಿಕೊಂಡಿತು, ಲೇಖನದ ಕೊನೆಗೆ ಸಂಗ್ರಾಹಕ ಎಂದು ಪಂಢರಿನಾಥನ ಹೆಸರು ಅಚ್ಚಾಯಿತು. ಅದನ್ನೇ ಮುಂದೆ ಹಿಡಿದು ಗಲಗಲಿಯವರು ಆಡಳಿತ ಮಂಡಳಿಯವರ ಹತ್ತಿರ ಹೋಗಿ ಅವನ ನೌಕರಿ ಕಾಯಂ ಮಾಡಿಸಿದರು.

ಹೆಂಡತಿ ನಲಿನಿ ಆ ಪುಟಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು, ಅವನು ಅದೇ ಹೊತ್ತಿಗೆ ಚಪ್ಪಲಿ ಹುಡುಕುತ್ತ ಹೊರಗೆ ಹೋಗುತ್ತಿದ್ದ. ಜನ ಅದನ್ನು ವಿನಯ ಎಂದುಕೊಂಡರು. ಸಾಲೋಟಗಿಯ ಜನಕ್ಕೂ ಸುದ್ದಿ ಹೋಗಿ, ಅವರ ಹಳೆಯ ಶಾಸನದ ಹೆಮ್ಮೆಯ ಪಕ್ಕದಲ್ಲಿ ಇದೂ ಒಂದು ಸಣ್ಣ ಹೆಮ್ಮೆಯಾಗಿ ಸೇರಿಕೊಂಡಿತು. ಊರ ಶಾಲೆಯ ಗೋಡೆಯ ಮೇಲೆ 'ನಮ್ಮೂರಿನ ಹೆಸರು ಹೊತ್ತ ಶಿಲೀಂಧ್ರ' ಎಂದು ಹಸಿರು ಬಣ್ಣದಲ್ಲಿ ಬರೆಸಿದ್ದರು. ಮೊನ್ನೆ ಸೌಂದರ್ಯಾ ಅದರ ಫೋಟೊ ತೆಗೆದುಕೊಂಡು, "ಸರ್, ನೀವು ಬಾಜೂಕ ನಿಂದರ್ರಿ" ಎಂದಾಗ ಅವನು ನಿಂತಿದ್ದ. ಬೆನ್ನಿಗೆ ಗೋಡೆ ಬಿಸಿಲಿಗೆ ಕಾದು ಸುಡುತ್ತಿತ್ತು.

ಗಲಗಲಿಯವರು ತೀರಿಕೊಂಡು ಎಂಟು ವರ್ಷವಾಗಿತ್ತು. ಅವರೊಂದಿಗೆ ಈ ವಿಷಯವೂ ಹೋಯಿತು ಎಂದುಕೊಂಡಿದ್ದ. ಆದರೆ ಮುದ್ದೇಬಿಹಾಳದ ಈ ಹುಡುಗಿ ಇದರ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದಳು. ಎರಡು ಮಳೆಗಾಲ ಒಬ್ಬಳೇ ಸಾಲೋಟಗಿಯ ಸುತ್ತ ಅಲೆದು, ಸಿಗದೆ, ಕಡೆಗೆ ಕಾಲೇಜಿನಿಂದ ಅವನ ನಂಬರು ಪಡೆದು ಫೋನು ಮಾಡಿದ್ದಳು. ಆಗಲೇ ಹೇಳಬಹುದಿತ್ತು. "ಬಾರವಾ, ತೋರಿಸ್ತೇನಿ" ಎಂದುಬಿಟ್ಟಿದ್ದ.

ಮಧ್ಯಾಹ್ನ ಹೊಟ್ಟೆ ಹಸಿದಾಗ ಊರೊಳಗೆ ಇದ್ದ, ತನ್ನ ತಾಯಿಯ ತಂಗಿ ಮುಕ್ತಾ ಮೌಶಿಯ ಮನೆಗೆ ಕರೆದುಕೊಂಡು ಹೋದ. ಹೋಟೆಲಿಗೆ ಹೋಗೋಣ ಎಂದು ಅವಳು ಎರಡು ಸಲ ಹೇಳಿದಳು. ತನ್ನ ಮೌಶಿಯ ಮನೆ ಇರುವಾಗ ಹೋಟೆಲೇಕೆ ಎಂದು ಅವನು ಒತ್ತಾಯ ಮಾಡಿದ. ಮೂರು ದಿನದ ಸುಳ್ಳಿಗೆ ಒಂದು ಊಟವಾದರೂ ಹಾಕೋಣ ಎಂದು ಅವನ ಮನಸ್ಸಿನಲ್ಲಿ ಇದ್ದಿರಬೇಕು. ಮೌಶಿ ಮೊದಲು ಮುಖ ಅರಳಿಸಿಯೇ ಕರೆದಳು. ಒಳಗೆ ಮಣೆ ಹಾಕುತ್ತ, ಹುಡುಗಿ ನೋಡಲು ಲಕ್ಷಣವಾಗಿದೆ ಎಂದಳು, ಓದಿನ ವಿಚಾರ ಕೇಳಿದಳು.

"ಅಡ್ಡಹೆಸರೇನವಾ ನಿಂದು?"

"ಹೊಸಮನಿ ಅಂತರಿ."

"ಮುದ್ದೇಬಿಹಾಳದಾಗ ಎಲ್ಲಿ ಮನಿ?"

"ಬುದ್ಧವಿಹಾರದ ಹಿಂದರಿ. ನಮ್ಮಪ್ಪ ಸಾಲಿ ಮಾಸ್ತರ್ರಿ."

ಮೌಶಿ ಹಾಕುತ್ತಿದ್ದ ಎರಡನೆಯ ಮಣೆಯನ್ನು ಹಾಗೆಯೇ ಗೋಡೆಗೆ ಆನಿಸಿದಳು. "ಒಳಗ ಭಾಳ ಸೆಕಿ ಅದ, ಕಟ್ಟಿ ಮ್ಯಾಲ ಗಾಳಿಗೆ ಕೂಡವಾ ನೀನು" ಎಂದಳು. ಸೌಂದರ್ಯಾ ಮೌಶಿಯನ್ನು ನೋಡಲಿಲ್ಲ. ಪಂಢರಿನಾಥನನ್ನು ನೋಡಿದಳು. ಬಹಳ ಹೊತ್ತೇನಲ್ಲ, ಬಸ್ಸು ಬಂತೇ ಎಂದು ತಿರುಗಿ ನೋಡುವಷ್ಟು. ಅವನು ಮೊದಲ ಮಣೆಯ ಮೇಲೆ ಕೂತು, ಊಟಕ್ಕೆ ಮೊದಲಿನ ಶಾಸ್ತ್ರದಂತೆ ತಾಟಿನ ಸುತ್ತ ನೀರು ಬಿಡುತ್ತಿದ್ದ. ಆ ಮೂರು ಬೆರಳಿನ ಹನಿ ಆ ದಿನ ಎಷ್ಟು ನಿಧಾನವಾಗಿ ತಾಟನ್ನು ಸುತ್ತಿತೆಂದರೆ, ಅದು ಮುಗಿಯುವಷ್ಟರಲ್ಲಿ ಅವಳು ಎದ್ದು ಹೊರಗೆ ಹೋಗಿಯಾಗಿತ್ತು. 'ನಾನೂ ಹೊರಗೇ ಕೂಡ್ತೇನಿ ಮೌಶಿ', ನಾಲ್ಕೇ ಮಾತು. ಬಾಯಲ್ಲಿ ಜೋಡಿಸಿಕೊಂಡ, ಅನ್ನದ ಮೊದಲ ತುತ್ತಿನೊಂದಿಗೆ ನುಂಗಿದ. ಸ್ವಲ್ಪ ಹೊತ್ತಿಗೆ ಹೊರಗೆ ಅವಳು ತನ್ನ ತಾಟನ್ನು ತಾನೇ ನಳದ ಕೆಳಗೆ ತೊಳೆಯುವ ಸಪ್ಪಳ ಕೇಳಿಸಿತು. ಮೌಶಿ ತುಪ್ಪದ ಗಿಂಡಿ ಬಗ್ಗಿಸುತ್ತ ಸಣ್ಣ ದನಿಯಲ್ಲಿ, "ಮೊದಲ ಹೇಳಬಾರದೇನೋ ಪಂಢರಿ, ನನ್ನ ಸಂಕಟಕ್ಕ ಹಚ್ಚಿದಿ" ಎಂದಳು. ಸಂಕಟ ಎಂದರೆ ಅದು ಮೌಶಿಯದೇ ಎಂಬಂತೆ ಅವನು ತಲೆಯಾಡಿಸಿದ.

ಊಟವಾದ ಮೇಲೆ ಸೌಂದರ್ಯಾ ಏನೂ ಆಗದವಳಂತೆ ಇದ್ದಳು. ಊರ ಹೊರಗಿನ ಬೇವಿನ ಮರದ ಕೆಳಗೆ ಸ್ಕೂಟರು ನಿಲ್ಲಿಸಿ ಚೀಲದಿಂದ ಒಂದು ಹಾಳೆ ತೆಗೆದಳು. ಸ್ಕೂಟರು ಪಂಢರಿನಾಥನದು, ಅವನ ಬೆನ್ನು ಹಿಡಿದುಕೊಂಡಿದ್ದರಿಂದ ನಿನ್ನೆಯಿಂದ ಅವಳೇ ಓಡಿಸುತ್ತಿದ್ದಳು. ಸಂಜೆ ಇಂಡಿಯಿಂದ ಬಸವನ ಬಾಗೇವಾಡಿಯ ಬಸ್ಸು ಹಿಡಿದು, ಅಲ್ಲಿ ಅಕ್ಕನ ಮನೆಯಲ್ಲಿ ಉಳಿದು, ಬೆಳಿಗ್ಗೆ ಧಾರವಾಡಕ್ಕೆ ಹೋಗುವವಳಿದ್ದಳು. ತಿಂಗಳೊಪ್ಪತ್ತಿನಲ್ಲಿ ಪ್ರಬಂಧ ಒಪ್ಪಿಸಬೇಕಿತ್ತು.

"ಇದಕ್ಕೊಂದು ಸಹಿ ಬೇಕಾಗೇತ್ರಿ ಸರ್."

ಹಾಳೆಯ ಮೇಲೆ ಟೈಪು ಮಾಡಿತ್ತು. ಮೂಲ ಸಂಗ್ರಾಹಕರ ಸಮ್ಮುಖದಲ್ಲಿ, ಅವರು ತೋರಿಸಿದ ಮೂಲಸ್ಥಳದಲ್ಲಿ, ಮೂರು ದಿನ ಹುಡುಕಿದರೂ ಈ ಪ್ರಭೇದ ಕಂಡುಬಂದಿರುವುದಿಲ್ಲ. ಇದು ಸಾಲೋಟಗಿಯಿಂದ ನಶಿಸಿಹೋಗಿದೆ ಎಂದು ಭಾವಿಸಬಹುದು. ಕೆಳಗೆ ಅವನ ಹೆಸರು, ಹೆಸರಿನ ಮೇಲೆ ಖಾಲಿ ಗೆರೆ. ಅವನು ಪೆನ್ನು ತೆಗೆದುಕೊಂಡ. ಸಹಿ ಮಾಡಿದರೆ ಎಲ್ಲ ಮುಗಿಯುತ್ತಿತ್ತು. ಎಂದೂ ಇಲ್ಲದ್ದು ಸತ್ತುಹೋಗಿದೆ ಎಂದು ಸರಕಾರಿ ಭಾಷೆಯಲ್ಲಿ ದಾಖಲಾಗುತ್ತಿತ್ತು, ಇನ್ನು ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ. ಅವಳು ಹಾಳೆಯ ಅಡಿಗೆ ತನ್ನ ವಹಿಯನ್ನು ಆಸರೆ ಹಿಡಿದು ನಿಂತಿದ್ದಳು. ಆ ಕೈಯ ಬೆರಳ ಸಂದಿಯಲ್ಲಿ ತಾಟು ತಿಕ್ಕಿದ ಬೂದಿಯ ಗೆರೆ ಉಳಿದಿತ್ತು.

"ಇದು ಇಲ್ಲಿದಲ್ಲ ನೋಡವಾ" ಎಂದ.

"ಏನ್ರಿ?"

"ಆ ಟೊಂಗಿ. ಇಲ್ಲಿ ಸಿಕ್ಕದ್ದಲ್ಲ ಅದು. ದೇವಣಗಾಂವದಾಗ ಸಿಕ್ಕಿತ್ತು."

ಅವಳು ಹಾಳೆಯನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು, ಹರಿಯಬಾರದೆನ್ನುವ ಹಾಗೆ. "ಎರಡು ಮಳಿಗಾಲರಿ ಸರ್" ಎಂದಳು. ಆಮೇಲೆ, "ಮೂರು ದಿನದಿಂದ ನಿಮಗ ಗೊತ್ತಿತ್ತೇನ್ರಿ?"

"ಚೀಟಿ ಅದಲ ಬದಲ ಆಗಿತ್ತು. ಆವಾಗ ಹತ್ತಾರು ಊರು ತಿರಗತಿದ್ದೆ. ನೆನಪಿನ ತಪ್ಪು."

ಹೇಳುತ್ತಿರುವಾಗಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ನಿಜ ಹೇಳಲು ಬಾಯಿ ತೆಗೆದು ಅದರೊಳಗೂ ಒಂದು ಸುಳ್ಳನ್ನು ಇಟ್ಟುಕೊಟ್ಟಿದ್ದ. ಅವಳು ಹಾಳೆಯನ್ನು ಚೀಲಕ್ಕೆ ಸೇರಿಸಿದಳು. ಸ್ಕೂಟರು ತಿರುಗಿಸಿ, "ಹತ್ರಿ" ಎಂದಳು.

ದೇವಣಗಾಂವ ತಾಸಿನ ಮೇಲಿನ ದಾರಿ. ಸಿಂದಗಿ ಸೀಮೆಯ ಕಬ್ಬಿನ ಹೊಲಗಳು ಎರಡೂ ಕಡೆ ಬರತೊಡಗಿದವು. ಹಿಂದಿನ ಸೀಟಿನಲ್ಲಿ ಕಬ್ಬಿಣದ ಹಿಡಿಕೆ ಹಿಡಿದು ಕೂತ ಪಂಢರಿನಾಥ ಅವಳ ಬೆನ್ನಿನ ಚೀಲವನ್ನು ನೋಡುತ್ತಿದ್ದ. ಅಂದು ಅವನು ಈ ದಾರಿಯಲ್ಲಿ ಸೈಕಲ್ ಮೇಲೆ ಬಂದಿದ್ದ, ಇಪ್ಪತ್ತೇಳರ ಹುಡುಗ, ಗಲಗಲಿಯವರು ಬರೆದುಕೊಟ್ಟ ಹಳ್ಳಿಗಳ ಪಟ್ಟಿ ಕಿಸೆಯಲ್ಲಿ. ಭಾದ್ರಪದದ ಬಿಸಿಲು. ಬೆಳಿಗ್ಗೆಯಿಂದ ವಾಂತಿ. ಊರು ಇನ್ನೂ ದೂರವಿರುವಾಗ ಕಣ್ಣು ಕತ್ತಲೆ ಬಂದು, ಸೈಕಲ್ ಬಿಟ್ಟು, ಒಂದು ಬೇಲಿಯ ಪಕ್ಕ ಬಿದ್ದಿದ್ದ. ಎಚ್ಚರವಾದಾಗ ಬೇವಿನ ನೆರಳಿನಲ್ಲಿ ಕೌದಿಯ ಮೇಲೆ ಇದ್ದ, ಒಬ್ಬಳು ಹೆಂಗಸು ಹಿತ್ತಾಳೆಯ ತಂಬಿಗೆಯನ್ನು ನೇರ ಅವನ ತುಟಿಗೇ ಹಿಡಿದಿದ್ದಳು. ಅವನು ಕುಡಿದ. ಮತ್ತೆ ಕೇಳಿ ಕುಡಿದ. ಸುತ್ತ ನೋಡಿದಾಗ ಯಾವ ಓಣಿ ಎಂದು ತಿಳಿಯಿತು, ಆದರೆ ಹೊಟ್ಟೆಗೆ ತಿಳಿದಿರಲಿಲ್ಲ; ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಎರಡನ್ನೂ ಉಂಡ. ಅಷ್ಟು ರುಚಿಯಾಗಿ ಅವನು ತನ್ನ ತಾಯಿಯ ಕೈಯಲ್ಲೂ ಉಂಡಿರಲಿಲ್ಲ, ಆ ಮಾತೇ ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಅಂಜಿಸಿತು. ಹೆಂಗಸಿನ ಹೆಸರು ಯಲ್ಲವ್ವ. ಮಗನ ಕಾಲಿನ ಕುರುವಿಗೆ ಕಟ್ಟಲು ಮುದ್ರೆ ಗಿಡದ ಎಲೆ ಅರೆಯುತ್ತಿದ್ದಳು. ಒಂದು ಟೊಂಗೆಯನ್ನು ಎತ್ತಿ ಹಿಂಬದಿ ನೋಡಿ, "ಇದಕ್ಕ ಭಂಡಾರ ಬಿದ್ದೈತಿ, ಔಷಧಕ್ಕ ಬರಂಗಿಲ್ಲ" ಎಂದು ಆಚೆ ಎಸೆದಳು. ಅದು ಅವನ ಕಾಲ ಹತ್ತಿರ ಬಿತ್ತು. ಅವನು ಎತ್ತಿಕೊಂಡ. ಸಂಗ್ರಹ ಎಂದರೆ ಅಷ್ಟೇ. ಇಂಡಿಗೆ ಬಂದು ಚೀಟಿ ಬರೆಯಲು ಕೂತಾಗ ದೇವಣಗಾಂವದ ಮೊದಲ ಅಕ್ಷರಕ್ಕೇ ಕೈ ನಿಂತಿತು. ಗಲಗಲಿಯವರಿಗೆ ಸ್ಥಳ ತೋರಿಸು ಎನ್ನುವ ಚಟ. ಅವರೊಂದಿಗೆ ಆ ಓಣಿಗೆ ಹೋದರೆ, ಆ ಹೆಂಗಸು ಹೊರಗೆ ಬಂದು, ಆರಾಮ ಆದ್ರಿ ಯಪ್ಪಾ ಎಂದರೆ? ಸಂಜೆಗೆ ಮಾತು ಅಪ್ಪನ ಕಿವಿಗೆ. ಏಕಾದಶಿಯಂದು ನೀರೂ ಮುಟ್ಟದ ಅಪ್ಪ. ಹಿಂದಿನ ದಿನವಷ್ಟೇ ಪಂಢರಿನಾಥ ಮೌಶಿಯ ಊರಿಗೆ ಹೋಗಿ ಬಂದಿದ್ದ. ಸಾಲೋಟಗಿ ಎಂದು ಬರೆದ. ಗಲಗಲಿಯವರು ನೋಡಲು ಬಂದಾಗ, ಆಡು ಮೇದುಬಿಟ್ಟಾವರಿ ಸರ್ ಎಂದ.

ಇಷ್ಟನ್ನು ಅವನು ಇಪ್ಪತ್ತಾರು ವರ್ಷ ಮರೆತಿರಲಿಲ್ಲ. ಇಷ್ಟೇ ಆಗಿದ್ದು ಎಂದುಕೊಂಡಿದ್ದ.

ದೇವಣಗಾಂವದ ಓಣಿಯಲ್ಲಿ ಈಗ ಸಿಮೆಂಟಿನ ರಸ್ತೆಯಾಗಿತ್ತು, ಮನೆಗಳಿಗೆ ಸ್ಲ್ಯಾಬು ಬಿದ್ದಿತ್ತು. ಗುರುತು ಸಿಗಲಿಲ್ಲವೆಂದು ಹೇಳಿ ಹಿಂದಿರುಗಬಹುದು ಎಂದು ಒಂದು ಕ್ಷಣ ಅನಿಸಿತು. ಆದರೆ ಸೌಂದರ್ಯಾ ಸ್ಕೂಟರು ಇಳಿದವಳೇ, ಮುಂಬಾಗಿಲಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿಬಿಟ್ಟಿದ್ದಳು.

"ಆಯಿ, ಇಲ್ಲಿ ಮುದ್ರಿ ಗಿಡ ಅದಾವೇನು? ಎಲಿ ಹಿಂದ ಭಂಡಾರದಂಗ ಪುಡಿ ಇರೂವು?"

ಮುದುಕಿ ತಲೆ ಎತ್ತಿದಳು. ಹುಡುಗಿಯನ್ನು ದಾಟಿ, ಸ್ಕೂಟರಿನ ಪಕ್ಕ ನಿಂತಿದ್ದವನನ್ನು, ಅವನ ಹಣೆಯ ಮೇಲಿನ ಗೋಪಿಚಂದನವನ್ನು ನೋಡಿದಳು.

"ಭಂಡಾರ ಬಿದ್ದ ಎಲಿ ಒಯ್ದಾವ ನನ್ನ ಆಯುಷ್ಯದಾಗ ಒಬ್ಬಾವ" ಎಂದಳು. "ಯಪ್ಪಾ, ಇಂಡಿ ಆಚಾರ್ರ ಮಗ ಅಲ್ರಿ ನೀವು? ಬಿಸಿಲಿಗೆ ಬಿದ್ದಿದ್ರಿ?"

"ಹೌದು" ಎಂದ.

"ಆರಾಮದೀರಿ?" ಯಲ್ಲವ್ವ ಅವರೆಯ ಮೊರವನ್ನು ಬದಿಗೆ ಸರಿಸಿ, ಮೊಣಕಾಲ ಮೇಲೆ ಕೈಯೂರಿ ಎದ್ದಳು. ಅವನ ಹತ್ತಿರ ಬಂದಳು, ಆದರೆ ಎರಡು ಮಾರು ದೂರಕ್ಕೇ ನಿಂತಳು. ಗುಟ್ಟು ಹೇಳುವವಳಂತೆ ದನಿ ತಗ್ಗಿಸಿದಳಾದರೂ ವಯಸ್ಸಾದ ಕಿವಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯುತ್ತಿರಲಿಲ್ಲ. "ಅಂಜಬ್ಯಾಡ್ರಿ ಯಪ್ಪಾ. ನಾವು ಯಾರ ಮುಂದನೂ ಹೇಳಿಲ್ಲ. ನೀವು ನಮ್ಮ ಮನಿಯಾವನ ಕಾಲು ಹಿಡದು ಅತ್ತಿದ್ರಲ್ಲ, ಇಲ್ಲಿ ಉಂಡೇನಂತ ಹೇಳಬ್ಯಾಡ್ರಿ, ನಮ್ಮಪ್ಪ ಮನಿ ಹೊಗಸಂಗಿಲ್ಲಂತ. ನಾನು ನಕ್ಕಿದ್ದಕ್ಕ ಅಂವ ನನಗ ಬೈದ. ಭಂಡಾರ ಮುಟ್ಟಿ ಆಣಿ ಮಾಡಿದ. ಹನ್ನೊಂದು ವರ್ಷಾತು ಅಂವ ಸತ್ತು, ಸಾಯೂತನಕ ಬಾಯಿ ಬಿಡಲಿಲ್ಲ. ನಮ್ಮ ಸೊಸಿಗೂ ಗೊತ್ತಿಲ್ಲ ನೋಡ್ರಿ."

ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೌಂದರ್ಯಾ ಕೂತಲ್ಲೇ ಕೂತಿದ್ದಳು, ಕೈಯಲ್ಲಿ ಯಲ್ಲವ್ವ ಬಿಡಿಸಿ ಬಿಟ್ಟ ಒಂದು ಅವರೆಯ ಸಿಪ್ಪೆ. ಪಂಢರಿನಾಥನಿಗೆ ಕಾಲುಗಳು ನೆನಪಾದವು. ಧೂಳು ಹಿಡಿದ, ಹಿಮ್ಮಡಿ ಒಡೆದ ಎರಡು ಕಾಲು, ಅವುಗಳ ಮೇಲೆ ತನ್ನ ಹಣೆ. ಆ ಮನುಷ್ಯ ನಾಚಿ, "ಏಳ್ರಿ, ಏಳ್ರಿ, ನೀವು ಹಿಂಗ ಮಾಡಬಾರದು" ಎಂದು ಹಿಂದೆ ಸರಿದಿದ್ದ. ಉಂಡ ಋಣಕ್ಕೆ ಒಂದು ಮಾತು ಹೇಳದೆ, ಉಂಡದ್ದನ್ನು ಮುಚ್ಚಿಡಿ ಎಂದು ಉಣಿಸಿದವರ ಕಾಲು ಹಿಡಿದಿದ್ದ. ಇದನ್ನು ಮಾತ್ರ ಅವನು ಎಲ್ಲಿಯೋ ಇಟ್ಟು ಬಂದಿದ್ದ. ಇವರು ಇಬ್ಬರು ಅದನ್ನು ಅವನ ಪರವಾಗಿ ಕಾದುಕೊಂಡು ಕೂತಿದ್ದರು.

ತುಕ್ಕು ಹುಡುಕಬೇಕಾಗಲೇ ಇಲ್ಲ. ಮನೆಯ ಹಿಂದೆ ಬಚ್ಚಲ ನೀರು ಹೋಗುವ ಕಡೆ ಏಳೆಂಟು ಗಿಡ ದಟ್ಟವಾಗಿ ನಿಂತಿದ್ದವು, ಇಳಿಹೊತ್ತಿನ ಹಳದಿ ಹೂ ಅರಳಿಸಿಕೊಂಡು. ಸೌಂದರ್ಯಾ ಒಂದು ಎಲೆ ಮಗುಚಿದಳು. ಹಿಂಬದಿಯ ತುಂಬ ದಾಲ್ಚಿನ್ನಿ ಬಣ್ಣದ ಗುಳ್ಳೆಗಳು. ಬೆರಳು ಸವರಿದಳು, ಪುಡಿ ಹತ್ತಿತು. ಅವಳ ಮುಖದಲ್ಲಿ ಸಂತೋಷ ಬಂದದ್ದನ್ನು ಅವನು ನೋಡಿದ, ಅವನತ್ತ ತಿರುಗುವಷ್ಟರಲ್ಲಿ ಅದು ಹೋಗಿತ್ತು. ಟೊಂಗೆಗಳನ್ನು ಕತ್ತರಿಸಿ ಪೇಪರಿನಲ್ಲಿ ಒತ್ತಿಟ್ಟು, ಕಟ್ಟೆಯ ಮೇಲೆ ಕೂತು ಚೀಟಿ ಬರೆದಳು. ಯಲ್ಲವ್ವನ ಪೂರ್ತಿ ಹೆಸರು ಕೇಳಿದಳು, ಗಂಡನ ಹೆಸರು ಕೇಳಿದಳು, ಓಣಿಯ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ಹಳೇ ಚೀಟಿ ತಪ್ಪೈತಿ ಅಂತ ನೀವೇ ಬರದು ಕೊಡಬೇಕಾಗ್ತೇತ್ರಿ ಸರ್. ಯುನಿವರ್ಸಿಟಿಗೊಂದು, ನಿಮ್ಮ ಕಾಲೇಜಿಗೊಂದು."

"ಬರೀತೇನಿ."

"ನೆನಪಿನ ತಪ್ಪು ಅಂತಲ್ರಿ."

"ಇಲ್ಲ. ಇದ್ದದ್ದಿದ್ದಂಗ ಬರೀತೇನಿ" ಎಂದ. ಪಡಸಾಲೆಯ ಗೋಡೆ, ನಲಿನಿಯ ಮುಖ, ಶಾಲೆಯ ಹಸಿರು ಅಕ್ಷರ, ಮೌಶಿ ಓದಿಸಿ ಕೇಳುವುದು, ಎಲ್ಲವೂ ಒಂದರ ಹಿಂದೆ ಒಂದು ಬಂದವು. ಹಾಗೆಂದ ಮೇಲೂ ಎದೆ ಹಗುರಾಗಲಿಲ್ಲ. ಹಗುರಾಗಬೇಕೆಂದು ತಾನು ಕಾಯುತ್ತಿದ್ದೇನೆ ಎನ್ನುವುದೇ ಇನ್ನಷ್ಟು ನಾಚಿಕೆ ತಂದಿತು.

ಸೊಸೆ ಚಹ ತಂದಳು. ಎರಡು ಸ್ಟೀಲ್ ಲೋಟ. ಒಂದನ್ನು ಸೌಂದರ್ಯಾಳಿಗೆ ಕೊಟ್ಟಳು, ಒಂದನ್ನು ಅತ್ತೆಗೆ ಕೊಟ್ಟಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಚಹದಂಗಡಿಯ ಸೊಹೇಲ ಬಂದು, ಮುಚ್ಚಳ ಹಾಕಿದ ಒಂದು ಪೇಪರ್ ಕಪ್ಪನ್ನು ಪಂಢರಿನಾಥನ ಪಕ್ಕದಲ್ಲಿಟ್ಟು ಹೋದ.

"ನಿಮಗ ನಮ್ಮ ಮನೀದು ನಡಿಯಂಗಿಲ್ಲಲ್ರಿ, ಅದಕ್ಕ ಅಂಗಡೀದು ಹೇಳಿದೆ" ಎಂದಳು ಯಲ್ಲವ್ವ. "ಸಕ್ರಿ ಕಡಿಮಿ ಹಾಕ್ಸೇನಿ."

ಅವಳ ದನಿಯಲ್ಲಿ ಕುಟುಕು ಇತ್ತೇ ಎಂದು ಅವನು ಹುಡುಕಿದ. ಇರಲಿಲ್ಲ. ಬಂದವರ ಮರ್ಯಾದೆ ಕಾಯುವ ಕಾಳಜಿ ಅಷ್ಟೇ ಇತ್ತು, ಅದು ಅವನಿಗೆ ಕುಟುಕಿಗಿಂತ ಹೆಚ್ಚು ತಾಗಿತು.

"ನನಗೂ ಮನೀದ ಕೊಡ್ರಿ, ಯಲ್ಲವ್ವಾ" ಎಂದ. ಎಷ್ಟು ಜೋಪಾನ ಮಾಡಿದರೂ ಆ ಮಾತು ಏನನ್ನೋ ದಯಪಾಲಿಸುವವನ ಮಾತಿನಂತೆಯೇ ಹೊರಬಿತ್ತು.

ಯಲ್ಲವ್ವ ಸೊಸೆಯ ಕಡೆ ನೋಡಿದಳು. ಸೊಸೆ ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ನಿಂತಿದ್ದಳು. ಅವನನ್ನು ಒಂದು ಸಲ ನೇರವಾಗಿ ನೋಡಿದಳು.

"ಚಾ ತೀರೇತ್ರಿ" ಎಂದಳು.

ತೀರಿತ್ತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಕೇಳುವ ಹಕ್ಕು ಅವನದಾಗಿರಲಿಲ್ಲ. ಸೌಂದರ್ಯಾ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಯಲ್ಲವ್ವನ ಮೊಮ್ಮಕ್ಕಳ ಓದಿನ ವಿಚಾರ ಕೇಳುತ್ತಿದ್ದಳು. ಅವನು ಪೇಪರ್ ಕಪ್ಪಿನ ಮುಚ್ಚಳ ತೆಗೆದ. ಚಹ ಆಗಲೇ ಆರಿ ಕೆನೆಗಟ್ಟಿತ್ತು. ಅವರೆಲ್ಲರ ಎದುರಿಗೆ ಕೂತು ಅದನ್ನು ತಳದವರೆಗೆ ಕುಡಿದ.